ಇನ್ನೊಂದು ಚೂರು ಹಾಕ್ಕೋ

ಫ್ರಿಸ್ಕೋ
ಅಕ್ಟೋಬರ್ 20, 2002

ಪ್ರಿಯ ಎಂದು ರೂಢಿಗಾದರೂ ಬರೆಯಬೇಕಾದ ಪ್ರಭಂಜನ,

ಟೆಕ್ಸಾಸಿನ ಸಮಸ್ತ ಕನ್ನಡಿಗರಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ನಾನು ಕಾರ್ನ್ ಬ್ರೆಡ್ ತ್ಯಜಿಸಿದ್ದೇನೆ. ಕಾಶಿಗೆ ಹೋದವರು ಹಾಗಲಕಾಯಿ ಬಿಟ್ಟು ಬರುತ್ತಾರೆ. ನಾನು ಕೌಂಟಿ ಫೇರ್ ಎಂಬ ಇಲ್ಲಿನ ಜಾತ್ರೆಗೆ ಹೋಗಿ ಇದನ್ನು ಬಿಟ್ಟೆ.

ನೀನು ಫೋನಿನ ಮೇಲೆ ಫೋನ್ ಮಾಡಿದರೂ ಉತ್ತರ ತಡವಾಯಿತು, ಕ್ಷಮಿಸು. ಬೇಕೆಂದೇ ತಡ ಮಾಡಿದ್ದು. ನಾವು ಕ್ಷೇಮ. ನೀನು ಹೇಗಿದ್ದೀಯ ಎಂದು ಕೇಳುವ ಆಸೆ ಸದ್ಯಕ್ಕಿಲ್ಲ.

ಆ ಶನಿವಾರವನ್ನು ನೆನಪಿಸಿಕೋ. ನಿಂತು ತಿನ್ನುವುದು ಊಟವೇ ಅಲ್ಲ ಎಂದು, ಕಡ್ಡಿಗೆ ಚುಚ್ಚಿ ಮಾರುತ್ತಿದ್ದದ್ದನ್ನೆಲ್ಲ ತಿರಸ್ಕರಿಸಿ, ಚರ್ಚಿನ ಹೆಂಗಸರು ಬಡಿಸುವ ಹಾಲ್‌ಗೆ ನಮ್ಮನ್ನು ಕರೆದೊಯ್ದವನು ನೀನೇ. ಉದ್ದನೆಯ ಮೇಜು, ಥೇಟ್ ಪಂಕ್ತಿ. "ಬೀನ್ಸ್‌ನಲ್ಲಿ ಹಂದಿ ಇದೆಯಾ?" ಎಂದು ನಾನು ಕೇಳಿದ್ದಕ್ಕೆ ಬಡಿಸುವ ಅಜ್ಜಿ, "ಸ್ವಲ್ಪವೇ ಇದೆ, ಡಾರ್ಲಿಂಗ್" ಎಂದು ಸಮಾಧಾನ ಹೇಳಿದಳು. ನಮ್ಮ ಪಾಲಿಗೆ ಉಳಿದದ್ದು ಆಲೂಗೆಡ್ಡೆ, ಕಾರ್ನ್ ಬ್ರೆಡ್, ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿ.

ನಾನು ಬಾಯಿ ತುಂಬಿಕೊಂಡೇ ಹೇಳಿದೆ: "ನಾಳೆ ಮನೆ ಕೊಳ್ಳೋದಕ್ಕೆ ಸೈನ್ ಹಾಕ್ತಿದ್ದೀವಿ ಕಣೋ. ಮಗಳು ಇಶಾಗೇ ಅಂತ ಒಂದು ರೂಮು."

ಕಾರ್ನ್ ಬ್ರೆಡ್ ತಟ್ಟೆಯನ್ನು ನನ್ನತ್ತ ತಳ್ಳಿ ನೀನು ಹೇಳಿದ್ದೇನು? "ಇನ್ನೊಂದು ಚೂರು ಹಾಕ್ಕೋ."

"ನಿಮ್ಮ ಸ್ನೇಹಿತರು ಏನನ್ನೋ ನುಂಗ್ಕೊಂತಿದಾರೆ ಕಣ್ರೀ" ಎಂದು ರಾಜಲಕ್ಷ್ಮಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಆಲೂಗೆಡ್ಡೆ" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ನನ್ನ ತಟ್ಟೆ ಖಾಲಿಯಾದಾಗಲೆಲ್ಲ ನೀನು ಬಡಿಸಿದೆ. ಏಳಹೊರಟರೆ ಕಾಬ್ಲರ್ ತರಿಸಿದೆ. ಅದು ಮುಗಿಯುವ ಮೊದಲೇ ಇನ್ನೊಂದು. ಕುರ್ಚಿಗೆ ಕಾಯುತ್ತಿದ್ದ ಅಗಲ ಟೋಪಿಯವರು ಗುರಾಯಿಸಿದರೂ ನೀನು ಜಗ್ಗಲಿಲ್ಲ.

ಸೋಮವಾರ ಫಾರ್ಮರ್ಸ್ ಬ್ರಾಂಚ್ ಊರಿನ ನಮ್ಮ ಆಫೀಸಿನಲ್ಲಿ, ನನ್ನ ಮ್ಯಾನೇಜರ್ ಆದ ನೀನು, ನನ್ನನ್ನು ಕಂಪನಿ ಕೆಲಸದಿಂದ ತೆಗೆದಿದೆ ಎಂದು ಗೋಡೆ ನೋಡಿಕೊಂಡು ಹೇಳಿದೆ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ನಾನು ಕೇಳಿದೆ.

"ಶುಕ್ರವಾರ. ಹೇಳೋಣ ಅಂತಲೇ ಫೇರಿಗೆ ಕರೆದದ್ದು. ಊಟಕ್ಕೆ ಕೂತವನಿಗೆ ಕೆಟ್ಟ ಸುದ್ದಿ ಹೇಗೋ ಹೇಳೋದು?"

ಶಾಸ್ತ್ರ ಸರಿ, ಮಹರಾಯ. ಊಟ ಮುಗಿಯಲು ಬಿಡಬೇಕಿತ್ತಲ್ಲ. ನಾನು ಉಣ್ಣುವವರೆಗೆ ನೀನು ಹೇಳುವಂತಿಲ್ಲ, ನೀನು ಬಡಿಸುವವರೆಗೆ ನಾನು ಏಳುವಂತಿಲ್ಲ. ಎಂಥ ಏರ್ಪಾಡು. ಭಾನುವಾರ ಮನೆಗೆ ಸೈನ್ ಹಾಕುವಾಗ ನಿನ್ನ ಕಾಬ್ಲರ್ ನನ್ನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ನೂರು ಕಾಲ ಬಾಳು. ನಿನಗೂ ನಿನ್ನಂಥವರೇ ಬಡಿಸಲಿ.

ಇತಿ,
ಚಂದ್ರಮೋಹನ

ತಾ.ಕ. ಕೆಲಸ ಹೋದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಮನೆಯದ್ದೂ ಏನೋ ಒಂದು ಆಗುತ್ತದೆ. ನಮ್ಮಪ್ಪ ತೀರಿಹೋದ ಸುದ್ದಿ ಮೈಸೂರಿನ ಹಾಸ್ಟೆಲ್ಲಿಗೆ ಬಂದ ದಿನ ನಾನು ಮೆಸ್ಸಿನಲ್ಲಿ ಉಣ್ಣುತ್ತಾ ಕೂತಿದ್ದೆ. ಎಲ್ಲರೂ "ಊಟ ಮುಗಿಸಲಿ" ಎಂದು ಬಾಗಿಲಲ್ಲೇ ನಿಂತಿದ್ದರು. ನನ್ನ ತಟ್ಟೆ ಸರಿಸಿ, "ಏಳೋ ಚಂದ್ರು" ಎಂದವನು ನೀನೊಬ್ಬನೇ. ಫೇರಿನಲ್ಲಿ ನಾನು ಆ ಪ್ರಭಂಜನನ ಎದುರು ಕೂತಿದ್ದೇನೆ ಅಂದುಕೊಂಡಿದ್ದೆ.

ನನ್ನ ಟಿಫಿನ್ ಡಬ್ಬಿ ಆಫೀಸಿನ ಫ್ರಿಜ್ಜಿನಲ್ಲೇ ಉಳಿದಿದೆ. ಬ್ಯಾಡ್ಜ್ ಕಿತ್ತುಕೊಂಡಿದ್ದೀರಿ, ನಾನು ಒಳಗೆ ಬರುವಂತಿಲ್ಲ. ದಯವಿಟ್ಟು ತೊಳೆದು ನಮ್ಮ ಬಾಗಿಲ ಬಳಿ ಇಟ್ಟು ಹೋಗು. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಎಂಬ ಶಾಸ್ತ್ರವೂ ನಿನಗೆ ನೆನಪಿರುತ್ತದೆ. ಖಾಲಿಯೇ ತಾ.