ಅಪ್ಪನ ಕಾರಿನ ಟ್ಯಾಪೆಟ್

ರೀ,

ತಂಗಿಯ ಮಗುವಿನ ನಾಮಕರಣಕ್ಕೆ ಬೂದಿಕೋಟೆಗೆ ಬಸ್ಸಿನಲ್ಲೇ ಹೊರಟೆ. ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಚಿನ್ನದ ಗಣಿಯ ಬ್ರಿಟಿಷ್ ದೊರೆಯಿಂದ ಕೊಂಡಿದ್ದ ಕಾರನ್ನು ನಮಗೆ ಕೊಡುವಾಗಲೇ ಅಪ್ಪ ಹೇಳಿದ್ದರು: “ಅಳಿಯಂದ್ರೇ, ಈ ಫಾರಿನ್ ಇಂಜಿನ್ನಿನ ವಾಲ್ವ್ ಎತ್ತೋ ಟ್ಯಾಪೆಟ್ಟಲ್ಲಿ ಸಂದು ಇರಬಾರ್ದು. ಒಳಗಿರೋ ಎಣ್ಣೇನೇ ಸರಿಮಾಡ್ಕೊಂತದೆ, ಮುಟ್ಟಬ್ಯಾಡಿ.” ನೀವೋ, ಫ್ಯಾಕ್ಟರಿ ಜೀಪಿಗೆ ಮಾಡುವ ಹಾಗೆ ಅಳತೆಯ ಗೇಜು ತೂರಿಸಿ ಸಂದು ಬಿಟ್ಟಿರಿ. ಸದ್ದೇ ಇಲ್ಲದ ಕಾರು ಈಗ ರಾಗಿ ಮಿಷನ್ನಿನ ಹಾಗೆ ಬಡಿದುಕೊಳ್ಳುತ್ತಿದೆ. ಬೆಳಿಗ್ಗೆ ನೀವು ಸ್ಟಾರ್ಟ್ ಮಾಡಿದಾಗ ಎದುರುಮನೆ ಅಶ್ವತ್ಥಮ್ಮ ರಾಗಿ ಡಬ್ಬ ಹಿಡಿದುಕೊಂಡು ಬಂದುಬಿಟ್ಟರು!

ದಯವಿಟ್ಟು ಇನ್ನು ಅದಕ್ಕೆ ಕೈ ಹಾಕಬೇಡಿ. ಮೆಕ್ಯಾನಿಕ್ಕನ್ನು ಕರೆಸಿ.

ಕಾರು ಯಾಕೆ ಬರಲಿಲ್ಲವೆಂದು ಅಪ್ಪ ಕೇಳಿದರೆ ನಿಮಗೆ ವಿಪರೀತ ಜ್ವರ ಅಂದುಬಿಡುತ್ತೇನೆ. ಅದನ್ನಾದರೆ ಅವರು ತಡೆದುಕೊಳ್ಳುತ್ತಾರೆ.

ಉಮಾ