ನವೆಂಬರಿನಲ್ಲಿ ಮೇ

ಅಕ್ಟೋಬರ್ 6, ಬೆಳಿಗ್ಗೆ 8

ಜೆಟ್ಟಿ ನೀರಿನ ಉಪ್ಪು ಕೇಜಿಗೆ 34.6 ಗ್ರಾಂ. ಹೋದ ವಾರದ ಬಾಟಲಿಯದು. ಲ್ಯಾಬಿನವರು ಈಗಷ್ಟೇ ಫೋನ್ ಮಾಡಿ ಹೇಳಿದರು. ಅಪ್ಪ ಇದೇ ಜೆಟ್ಟಿಯಲ್ಲಿ ನೀರು ಹಿಡಿಯುತ್ತಿದ್ದಾಗ 35.1.

ಇವತ್ತಿನದು ತುಂಬಿದೆ. ಮೂರು ಸಲ ಬಾಟಲಿಯ ಬಾಯಿ ಮುಕ್ಕಳಿಸಿ, ನಾಲ್ಕನೆಯದು ಸ್ಯಾಂಪಲ್ — ಅಪ್ಪ ಕಲಿಸಿದ್ದು. ಅವನು ಒಂದು ಹನಿ ನಾಲಿಗೆಗೂ ಇಡುತ್ತಿದ್ದ. ಮನೆಗೆ ಬಂದು "ಇವತ್ತು ಸ್ವಲ್ಪ ಸಪ್ಪೆ ಕಣೇ" ಎಂದರೆ ಅಮ್ಮ, "ನನ್ನಡುಗೆ ಸಾಲದೂಂತ ಸಮುದ್ರಕ್ಕೂ ಹೆಸರಿಡ್ತೀರಾ?"

ಅಕ್ಟೋಬರ್ 9

ಕೇಂದ್ರ ಕಚೇರಿಯಿಂದ ಪತ್ರ. ಅಪ್ಪನ ಇಪ್ಪತ್ತಾರು ವರ್ಷದ ಉಪ್ಪಿನ ರಿಜಿಸ್ಟರುಗಳನ್ನು ನಂಬಬಹುದಾದ ದಾಖಲೆಗಳ ಪಟ್ಟಿಯಿಂದ ಕೈಬಿಡುತ್ತಾರಂತೆ. ದಾಖಲೆ ವಿಭಾಗದ ಮೇಡಂಗೆ ಫೋನ್ ಮಾಡಿದೆ.

"ನಿಮ್ಮ ತಂದೆ ನವೆಂಬರ್ ಸಾಲಲ್ಲೂ 'ಮೇ' ಅಂತ ಬರೆದಿದ್ದಾರೆ. ಜನವರೀಲೂ 'ಮೇ'. ತಿಂಗಳೇ ಗೊತ್ತಿಲ್ಲದವರ ಅಂಕಿ ಹೇಗಮ್ಮ ನಂಬೋದು?"

ಫೋನ್ ಇಟ್ಟೆ.

ತಣ್ಣಗಾದ ಉಪ್ಪುನೀರು ಭಾರ, ತಳಕ್ಕಿಳಿಯುತ್ತದೆ. ಆ ಜಾಗಕ್ಕೆ ದೂರದ ಬೆಚ್ಚನೆಯ ನೀರು ಬರುತ್ತದೆ. ಸಾಗರದ ದೊಡ್ಡ ಪ್ರವಾಹ ನಡೆಯುವುದು ಹೀಗೆ. ಬಿಸಿಲೇರಿ, ಹಿಮ ಕರಗಿ ಸಿಹಿನೀರು ಬೆರೆತರೆ ಇಳಿಯುವುದು ನಿಧಾನ. ಇಲ್ಲಿ ಎಷ್ಟು ಬೆರೆತಿದೆ ಎನ್ನಲು ಹಳೆಯ ಅಂಕಿ ಬೇಕು. ಇಲ್ಲಿನ ಹಳೆಯ ಅಂಕಿ ಎಂದರೆ ಅಪ್ಪನದು ಮಾತ್ರ.

ಅಕ್ಟೋಬರ್ 13

ಪತ್ರ ಅಪ್ಪನ ಕೈಗಿಟ್ಟು, ಇವತ್ತು ಕೇಳಿಯೇ ಬಿಟ್ಟೆ — ನವೆಂಬರಲ್ಲಿ ಮೇ ಹೇಗಪ್ಪಾ ಬಂತು?

ನಕ್ಕ. ಕೆಮ್ಮು ಬರುವ ತನಕ ನಕ್ಕ.

"ಮೇ ಅಲ್ವೇ ಪೆದ್ದಿ, ಮೇಣ! ಮುಚ್ಚಳಕ್ಕೆ ಮೇಣ ಹಾಕಿದೀನಿ ಅಂತ. ಆವಿ ಹೋದ್ರೆ ಉಪ್ಪು ಜಾಸ್ತಿ ತೋರ್ಸುತ್ತಲ್ಲ. ದಿನಾ ಪೂರ್ತಿ ಬರೆಯೋಕೆ ಯಾರಿಗಿತ್ತು ಪುರುಸೊತ್ತು?"

ಎಲ್ಲ ನೆನಪಾಯಿತು. ಅಮ್ಮ ಮೋಟು ಮೇಣದಬತ್ತಿಗಳನ್ನು ಡಬ್ಬಿಯಲ್ಲಿ ಕರಗಿಸುತ್ತಿದ್ದಳು. ಮುಚ್ಚಳದ ಮೇಲೆ ಸುರಿದು, ಆರುವ ಮೊದಲು ಹೆಬ್ಬೆರಳು ಒತ್ತುತ್ತಿದ್ದಳು. "ಹೆಬ್ಬೆಟ್ಟು ಹಾಕಿದೀನಿ. ನಾಳೆ ಯಾರಾದ್ರೂ ಕೇಳಿದ್ರೆ ಸಾಕ್ಷಿಗೆ ನಾನೇ." ಜಡೆ ಹಾಕುವಾಗಲೂ ಅವಳ ಕೈಯಲ್ಲಿ ಮೇಣದ ವಾಸನೆ...

ಅಕ್ಟೋಬರ್ 15

ಮೇಡಂಗೆ ಹೇಳಿದೆ. ದನಿ ಮೆತ್ತಗಾಯಿತು. "ಇರಬಹುದಮ್ಮ. ಆದ್ರೆ ಪುರಾವೆ?"

ಇದೆ. ಒಂದೇ ಒಂದು. ಆಗ ದಿನಕ್ಕೆ ಜೋಡಿ ಬಾಟಲಿ — ಒಂದು ಲ್ಯಾಬಿಗೆ, ಒಂದು ಇಲ್ಲಿಗೆ. ಉಳಿದದ್ದು ಶೋಕೇಸಿನಲ್ಲಿದೆ. ಚೀಟಿಯಲ್ಲಿ: ನವೆಂಬರ್ 21, ಮೇ, 35.1. ಆ ಡಿಸೆಂಬರಿನಲ್ಲಿ ಅಮ್ಮ ಹೋದಳು. ಮೇಣದ ಮೇಲೆ ಅವಳ ಹೆಬ್ಬೆಟ್ಟು ಗೆರೆಗೆರೆಯಾಗಿ ಇನ್ನೂ ಇದೆ.

ಫೋಟೋ ಕಳಿಸುತ್ತೇನೆ ಎಂದೆ. ಸಾಲದಂತೆ. ಮೇಣ ಒಡೆದು ಒಳಗಿನ ನೀರು ಅಳೆಯಬೇಕು. 35.1 ಬಂದರೆ ರಿಜಿಸ್ಟರುಗಳು ಉಳಿಯುತ್ತವೆ.

ಅಕ್ಟೋಬರ್ 18

ಅಪ್ಪನೇ ಬಾಟಲಿ ಇಳಿಸಿ ಧೂಳು ಒರೆಸುತ್ತಿದ್ದ.

"ಒಡೆದುಬಿಡ್ತಾರಪ್ಪಾ."

"ಅವಳು ಹೆಬ್ಬೆಟ್ಟು ಒತ್ತಿದ್ದು ಶೋಕೇಸಿಗಾ? ಸಾಕ್ಷಿಗೆ. ಹೋಗಿ ಹೇಳ್ಲಿ ಬಿಡು."

ಅಕ್ಟೋಬರ್ 20, ಬೆಳಿಗ್ಗೆ 9.40

ಪೆಟ್ಟಿಗೆಗೆ ಹತ್ತಿ ತುಂಬಿ ಬಾಟಲಿ ಇಟ್ಟೆ. ಮುಚ್ಚುವ ಮೊದಲು ಅಪ್ಪ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟು ನೋಡಿದ. ದೊಡ್ಡದು. ಕೂರಲಿಲ್ಲ.

ವ್ಯಾನ್ 10ಕ್ಕೆ. ಮೇಣ ತೆಗೆಯುವುದು ಗುರುವಾರ, 11 ಗಂಟೆಗೆ.