ದೋಣಿ ಮಗುಚಿದಾಗಿನ ನಿಯಮ

ಹಂಗಾರಕಟ್ಟೆ
ಸೋಮವಾರ

ರವಿಚಂದ್ರ ಮಾಸ್ಟ್ರಿಗೆ ಜಲಜಳ ನಮಸ್ಕಾರ.

ನಿನ್ನೆ ಲೈಬ್ರರಿಯ ಮೇಜಿನ ಮೇಲೆ ನಿಮ್ಮ ಪೋರ್ಚುಗೀಸ್ ಹಡಗುಗಳಿಗೂ ನನ್ನ ದೋಣಿಗಳಿಗೂ ನಡೆದ ಯುದ್ಧದಾಟದಲ್ಲಿ ನಾನು ಸೋತೆ. ದಾಳದ ಮೇಲೆ ನನಗೆ ದೂರಿಲ್ಲ. ನೀವು ಬರೆದ ನಿಯಮವೇ ತಪ್ಪು.

ಒಂದು ದೋಣಿ ಮುಳುಗಿದರೆ ಹತ್ತಿರದ ದೋಣಿಗಳು ಧೈರ್ಯಪರೀಕ್ಷೆಯ ದಾಳ ಹಾಕಬೇಕು, ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಓಡಿಹೋಗಬೇಕು ಎಂದು ಬರೆದಿದ್ದೀರಿ. ನೆಲದ ಮೇಲಿನ ಸೈನ್ಯಕ್ಕೆ ಅದು ಸರಿಯಿರಬಹುದು. ನಮ್ಮ ಅಳಿವೆಯಲ್ಲಿ ಯಾರೂ ಹಾಗೆ ಓಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಇಲ್ಲೊಂದು ದೋಣಿ ಮಗುಚಿದಾಗ ಏಳು ದೋಣಿಗಳು ಬಲೆ ಕಡಿದು ಬಿಟ್ಟು ಅದರ ಕಡೆಗೇ ಬಂದವು. ಮೊದಲು ಬಂದದ್ದು ನಮ್ಮೊಂದಿಗೆ ಮಾತು ಬಿಟ್ಟಿದ್ದ ಗುಡ್ಡಣ್ಣನ ದೋಣಿ. ಬಿಟ್ಟು ಹೋಗದೆ ಯಾಕೆ ಬಂದೆ ಎಂದು ಆಮೇಲೆ ಕೇಳಿದ್ದಕ್ಕೆ, “ಬಿಟ್ಟಿಕ್ ಹೋಪುಕಾತ್ತಾ?” ಎಂದಷ್ಟೇ ಹೇಳಿದ.

ಆದ್ದರಿಂದ ನಿಯಮ ಬದಲಿಸಿ. ಹತ್ತಿರದ ದೋಣಿಗಳು ದಾಳ ಹಾಕದೆಯೇ ಮುಳುಗುವ ದೋಣಿಯತ್ತ ಹೋಗಲಿ. ಅದರಿಂದ ನನಗೊಂದು ಸರದಿ ಕೈತಪ್ಪುತ್ತದೆ, ತಪ್ಪಲಿ. ಬರುವ ಭಾನುವಾರ ಗೆಲ್ಲುವುದು ನಾನೇ.

ಈ ಪತ್ರ ತಂದವರು ನಮ್ಮ ಮನೆಯವರು. ಅವರಿಗೆ ಸಕ್ಕರೆ ಕಡಿಮೆ ಹಾಕಿ ಒಂದು ಲೋಟ ಚಾ ಕೊಡಿ. ಆ ದಿನ ಮಗುಚಿದ ದೋಣಿಯಲ್ಲಿದ್ದವರು ಅವರೇ.

ಇತಿ,
ಜಲಜ